150 ಡಾಲರಿನ ಮರದ ಪೆಟ್ಟಿಗೆ

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಅವರ ಪಾಲುದಾರರು ಕೈಯಾರೆ ಜೋಡಿಸಿ ಮಾರಾಟಕ್ಕಿಟ್ಟ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಮೂರು ತೆಳು ಪುಸ್ತಿಕೆಗಳಿದ್ದವು. ಬೆಲೆ 10 ಡಾಲರ್, ಮೊದಲ ಮುದ್ರಣ 1000 ಪ್ರತಿ. ಪೆಟ್ಟಿಗೆ ಮರದ್ದೆಂದು ತೋರಲಿ ಎಂದು ಅದರ ಮೇಲೆ ಮರದ ಗೆರೆಗಳನ್ನು ಅಚ್ಚು ಹಾಕಿದ ಕಾಗದವನ್ನು ಅಂಟಿಸಿದ್ದರು. ಬಡವರ ಮನೆಯ ಮದುವೆಗೆ ಬಣ್ಣದ ಕಾಗದದ ತೋರಣ ಇದ್ದ ಹಾಗೆ. ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಆ ಆಟವೇ ಡಂಜನ್ಸ್ ಆಂಡ್ ಡ್ರ್ಯಾಗನ್ಸ್. ಒಬ್ಬರು ಡಂಜನ್ ಮಾಸ್ಟರ್ ಆಗಿ ಕಥೆ ಕಟ್ಟುತ್ತಾರೆ, ಉಳಿದವರು ಮಾಟಗಾರರೋ ಕಳ್ಳರೋ ಆಗಿ ಅದರೊಳಗೆ ನಡೆಯುತ್ತಾರೆ, ಸಂದೇಹ ಬಂದಲ್ಲಿ ದಾಳ ಉರುಳಿಸುತ್ತಾರೆ. ಆಟಕ್ಕೆ ಬೇಕಾದ ಬಂಡವಾಳವೆಂದರೆ ಕಾಗದ, ಪೆನ್ಸಿಲ್, ಒಂದಿಷ್ಟು ದಾಳ ಮತ್ತು ಬಿಡುವಿನ ಸಂಜೆ.

2013ರ ನವೆಂಬರ್‌ನಲ್ಲಿ ಅದೇ ಪುಸ್ತಿಕೆಗಳು, ಅವುಗಳ ಬೆನ್ನಿಗೆ ಬಂದಿದ್ದ ನಾಲ್ಕು ಪೂರಕ ಪುಸ್ತಿಕೆಗಳ ಸಮೇತ ಮರುಮುದ್ರಣಗೊಂಡವು. ಈ ಬಾರಿ ಪೆಟ್ಟಿಗೆ ನಿಜವಾದ ಮರದ್ದು, ಬೆಲೆ 149.99 ಡಾಲರ್. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅಂದು ಕಾಗದವು ಮರದ ವೇಷ ಹಾಕಿತ್ತು. ಸುಮಾರು 40 ವರ್ಷದ ನಂತರ ಮರವು, ಮರದ ವೇಷ ಹಾಕಿದ್ದ ಆ ಕಾಗದದ ವೇಷ ಹಾಕಿಕೊಂಡು ಬಂದಿತು. ಇಂಥ ವೇಷವನ್ನು ನಮ್ಮ ಬಯಲಾಟದ ಮೇಳಗಳೂ ಕಟ್ಟಿರಲಾರವು.

ಪೆಟ್ಟಿಗೆಯಲ್ಲಿ ಹತ್ತು ದಾಳಗಳೂ ಇದ್ದವು. ಆದರೆ 1974ರ ಪುಸ್ತಿಕೆಯಲ್ಲಿಯೇ ಆಟಕ್ಕೆ ಬೇಕಾದ ಸಾಮಗ್ರಿಗಳ ಪಟ್ಟಿಯಿದೆ, ಅದರಲ್ಲಿ ಚೈನ್‌ಮೇಲ್ ಎಂಬ ಯುದ್ಧದಾಟದ ನಿಯಮಪುಸ್ತಕದ ಹೆಸರಿದೆ, ಔಟ್‌ಡೋರ್ ಸರ್ವೈವಲ್ ಎಂಬ ಇನ್ನೊಂದು ಕಂಪನಿಯ ಹಲಗೆಯಾಟದ ಹೆಸರೂ ಇದೆ. 150 ಡಾಲರಿನ ಪೆಟ್ಟಿಗೆಯಲ್ಲಿ ಇವೆರಡೂ ಇರಲಿಲ್ಲ. ಅಡುಗೆ ಪುಸ್ತಕವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು, ಒಲೆ ಮತ್ತು ಪಾತ್ರೆಯನ್ನು ಪಕ್ಕದ ಮನೆಯಲ್ಲಿ ಕೇಳಿ ಎಂದ ಹಾಗಾಯಿತು. ಕೊಂಡವರಲ್ಲಿ ಬಹಳ ಮಂದಿಗೆ ಇದರಿಂದ ತೊಂದರೆಯಾಗಲಿಲ್ಲ, ಏಕೆಂದರೆ ಅವರಿಗೆ ಅಡುಗೆ ಮಾಡುವ ಉದ್ದೇಶವೇ ಇರಲಿಲ್ಲ.

ಕಂಪನಿಯ ಹಳೆಯ ಲೆಕ್ಕವನ್ನು ತೆರೆದರೆ ಈ ವ್ಯಾಪಾರದ ಜಾಣತನ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮೊದಲ ಪ್ರಕಾಶಕರಾದ ಟಿಎಸ್‌ಆರ್ ಕಂಪನಿಯನ್ನು 1997ರಲ್ಲಿ, ಈ ಮರದ ಪೆಟ್ಟಿಗೆಯನ್ನು ತಂದ ವಿಝರ್ಡ್ಸ್ ಆಫ್ ದ ಕೋಸ್ಟ್ ಕೊಂಡಿತು. ಅದನ್ನು 1999ರಲ್ಲಿ ಆಟಿಕೆ ತಯಾರಕ ಹ್ಯಾಸ್‌ಬ್ರೋ ಕೊಂಡಿತು. 2000ದಲ್ಲಿ ಮೂರನೆಯ ಆವೃತ್ತಿ, 2003ರಲ್ಲಿ ಮೂರೂವರೆಯನೆಯ ಆವೃತ್ತಿ, 2008ರಲ್ಲಿ ನಾಲ್ಕನೆಯದು, 2014ರಲ್ಲಿ ಐದನೆಯದು. (ಆವೃತ್ತಿಯೊಂದು ಮೂರೂವರೆಯನೆಯದು ಹೇಗಾಗುತ್ತದೆ ಎಂದು ಕೇಳಬಾರದು, ಮೂರಕ್ಕೆ ಹಣ ಕೊಟ್ಟವರು ಅರ್ಧಕ್ಕೂ ಪೂರ್ತಿ ಹಣ ಕೊಟ್ಟರು ಎಂಬುದಷ್ಟೇ ಅದರ ವ್ಯಾಕರಣ.) ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯದರ ನಿಯಮಗಳು ತೊಡಕಿನವು, ಕಾಲಕ್ಕೆ ಒಗ್ಗದವು ಎಂಬ ಉಪದೇಶ ನಡೆಯುತ್ತದೆ. ಗ್ರಾಹಕನು ಆ ಉಪದೇಶವನ್ನು ನಂಬಿ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಿ ಕೈತೊಳೆದುಕೊಂಡ ಮೇಲೆ, ಅದೇ ತೊಡಕಿನ ನಿಯಮಗಳು ಅಂಚಿಗೆ ಹೊಂಬಣ್ಣ ಬಳಿದುಕೊಂಡು ಪರಂಪರೆ ಎಂಬ ಹೆಸರಿನಲ್ಲಿ ಮರಳಿ ಬರುತ್ತವೆ.

2009ರ ಏಪ್ರಿಲ್‌ನ ಪ್ರಸಂಗವಂತೂ ಚಿನ್ನದ ಅಕ್ಷರದಲ್ಲಿ ಬರೆದಿಡುವಂಥದ್ದು. ಅಲ್ಲಿಯವರೆಗೆ ಹಳೆಯ ಆವೃತ್ತಿಗಳು ಪಿಡಿಎಫ್ ರೂಪದಲ್ಲಿ ಕೆಲವೇ ಡಾಲರಿಗೆ ಸಿಗುತ್ತಿದ್ದವು. ನಕಲು ಹೆಚ್ಚಾಯಿತೆಂದು ಕಂಪನಿಯು ಆ ಮಾರಾಟವನ್ನೇ ಪೂರ್ತಿ ನಿಲ್ಲಿಸಿತು. ಕದ್ದು ಓದುವವನಿಗೆ ಇದರಿಂದ ಕೂದಲೂ ಕೊಂಕಲಿಲ್ಲ, ಅವನ ಪ್ರತಿ ಅವನಲ್ಲಿಯೇ ಇತ್ತು. ಹಣ ಕೊಟ್ಟು ಓದುವೆನೆಂದ ಸಂಭಾವಿತನಿಗೆ ಮಾತ್ರ 2013ರ ಜನವರಿಯವರೆಗೆ, ಅಂದರೆ ಹತ್ತಿರ ಹತ್ತಿರ ನಾಲ್ಕು ವರ್ಷ, ಅಂಗಡಿಯ ಬಾಗಿಲು ಮುಚ್ಚಿತ್ತು. ಕಳ್ಳ ಬಂದನೆಂದು ಮನೆಯವರನ್ನು ಹೊರಗೆ ಹಾಕಿ ಬೀಗ ಜಡಿದ ಈ ಕ್ರಮಕ್ಕೆ ಇಟ್ಟ ಹೆಸರು ಹಕ್ಕುಸ್ವಾಮ್ಯದ ರಕ್ಷಣೆ.

ಆ ನಡುವೆ 2010ರಲ್ಲಿ ಕೆಂಪು ಪೆಟ್ಟಿಗೆ ಬಂದಿತು. 1983ರಲ್ಲಿ ಹೊಸಬರಿಗೆಂದು ಬಂದಿದ್ದ ಪೆಟ್ಟಿಗೆಯ ಮೇಲಿದ್ದ, ಅಂದು ಹುಡುಗರಾಗಿದ್ದವರೆಲ್ಲ ನೆನಪಿಟ್ಟುಕೊಂಡ, ಲ್ಯಾರಿ ಎಲ್ಮೋರ್ ಚಿತ್ರಿಸಿದ ಕೆಂಪು ಡ್ರ್ಯಾಗನ್ನಿನ ಅದೇ ಮುಚ್ಚಳ. ಅಪ್ಪಂದಿರು ಅಂಗಡಿಯಲ್ಲಿ ಅದನ್ನು ಕಂಡು ಕಣ್ಣು ಒದ್ದೆ ಮಾಡಿಕೊಂಡು ಮಕ್ಕಳಿಗೆಂದು ಕೊಂಡು ಮನೆಗೆ ಬಂದು ತೆರೆದರೆ, ಒಳಗಿದ್ದದ್ದು ನಾಲ್ಕನೆಯ ಆವೃತ್ತಿ. ಹಳೆಯದನ್ನೇ ಮರುಮುದ್ರಿಸುವುದು ಒಂದು ಬಗೆ, ಹಳೆಯದರ ಮುಚ್ಚಳವನ್ನಷ್ಟೇ ಮರುಮುದ್ರಿಸುವುದು ಇನ್ನೊಂದು ಬಗೆ. ಖರ್ಚಿನ ದೃಷ್ಟಿಯಿಂದ ಎರಡನೆಯದೇ ಮೇಲು.

2012ರ ಜುಲೈನಲ್ಲಿ ಗೈಗ್ಯಾಕ್ಸ್ ಬರೆದ, ಆಟದ ನಿಯಮಗಳನ್ನು ಹಿಗ್ಗಿಸಿದ ಮೊದಲ ಅಡ್ವಾನ್ಸ್‌ಡ್ ಆವೃತ್ತಿಯ ಮೂರು ಮುಖ್ಯ ಪುಸ್ತಕಗಳು ಮರುಮುದ್ರಣಗೊಂಡಾಗ, ಆದಾಯದ ಒಂದು ಪಾಲು ಅವರ ಸ್ಮಾರಕ ನಿಧಿಗೆ ಎಂದು ಘೋಷಿಸಲಾಯಿತು. ಗೈಗ್ಯಾಕ್ಸ್ 2008ರಲ್ಲಿ ತೀರಿಕೊಂಡಿದ್ದರು. 1985ರಲ್ಲಿ ತಾವೇ ಕಟ್ಟಿದ ಟಿಎಸ್‌ಆರ್‌ನ ಹಿಡಿತವನ್ನು ಕಳೆದುಕೊಂಡ ಅವರು ಕೊನೆಗೆ ಹೊರನಡೆಯಬೇಕಾಯಿತು. ಆರ್ನೆಸನ್ ಅವರಂತೂ ಗೌರವಧನಕ್ಕಾಗಿ 1979ರಲ್ಲೇ ಅದೇ ಕಂಪನಿಯ ಮೇಲೆ ದಾವೆ ಹೂಡಿದ್ದರು. ಇದ್ದಾಗ ಎಲೆ ಹಾಕದವರು ತಿಥಿಗೆ ಹೋಳಿಗೆ ಮಾಡುವುದು ನಮ್ಮ ಕಡೆ ಹೊಸತೇನಲ್ಲ. ಹೊಸ ಮಾಲೀಕರು ಹಳೆಯವರ ಪಾಪಕ್ಕೆ ಹೊಣೆಯಲ್ಲ ಎಂಬುದನ್ನೂ ಒಪ್ಪೋಣ. ಆದರೆ ಈ ತಿಥಿಯಲ್ಲಿ ಹೋಳಿಗೆಯ ಹಣವನ್ನು ಉಣ್ಣಲು ಬಂದವರಿಂದಲೇ ವಸೂಲು ಮಾಡಲಾಯಿತು. ಆ ಮೂರು ಪುಸ್ತಕಗಳಲ್ಲಿ ಒಂದರ, ಅಂದರೆ 1978ರ ಆಟಗಾರರ ಕೈಪಿಡಿಯ ಮೂಲ ಮುಖಪುಟದಲ್ಲಿ, ದೈತ್ಯ ವಿಗ್ರಹವೊಂದರ ಕಣ್ಣಿನ ರತ್ನವನ್ನು ಕಳ್ಳರಿಬ್ಬರು ಮೀಟಿ ಕೀಳುತ್ತಿರುವ ಚಿತ್ರವಿದೆ. ಮರುಮುದ್ರಣ ವಿಭಾಗಕ್ಕೆ ಬೇರೆ ಲಾಂಛನ ಬೇಕಿಲ್ಲ.

ಮರದ ಪೆಟ್ಟಿಗೆಯ ಪೂರಕ ಪುಸ್ತಿಕೆಗಳಲ್ಲಿ 1976ರದೊಂದು ನಮಗೂ ಸಂಬಂಧಿಸಿದ್ದು. ಅದರಲ್ಲಿ ಗ್ರೀಸ್, ಈಜಿಪ್ಟಿನ ದೇವತೆಗಳ ಜೊತೆಗೆ ಭಾರತದ ದೇವತೆಗಳಿಗೂ ಹಿಟ್ ಪಾಯಿಂಟ್ ನಿಗದಿಯಾಗಿದೆ, ಅಂದರೆ ಎಷ್ಟು ಪೆಟ್ಟು ತಿಂದರೆ ದೇವರು ನೆಲಕ್ಕೆ ಬೀಳುತ್ತಾನೆ ಎಂಬ ಲೆಕ್ಕ. ಇದರ ಉದ್ದೇಶ ಸದುದ್ದೇಶವೇ ಆಗಿತ್ತು. ಉತ್ತರ ಯುರೋಪಿನ ಪುರಾಣದ ಓಡಿನ್ ದೇವನಿಗೇ ಬರೀ 300 ಅಂಕವಿರುವಾಗ 44ನೆಯ ಮಟ್ಟಕ್ಕೇರಿದೆನೆಂದು ಮೆರೆಯುವ ಆಟಗಾರನನ್ನು ಯಾರು ಲೆಕ್ಕಕ್ಕಿಡುತ್ತಾರೆ ಎಂದು ಸಂಪಾದಕರು ಮುನ್ನುಡಿಯಲ್ಲಿ ಗದರಿಸಿದ್ದಾರೆ. ಆಟಗಾರರು ಗದರಿಕೆಯನ್ನು ಬಿಟ್ಟು ಅಂಕವನ್ನು ಹಿಡಿದುಕೊಂಡರು. ಅಂಕವಿದೆ ಎಂದ ಮೇಲೆ ದೇವರನ್ನೂ ಹೊಡೆಯಬಹುದು ಎಂಬ ತೀರ್ಮಾನಕ್ಕೆ ಬರಲು ಅವರಿಗೆ ತಡವಾಗಲಿಲ್ಲ.

ಕೊಳ್ಳುವವರ ಭಕ್ತಿಯೂ ಕಡಿಮೆ ವಿಚಿತ್ರವಲ್ಲ. ಅವರಿಗೆ ಬೇಕಾದದ್ದು ಮೂಲ. ಆದರೆ ಮೂಲ ಯಾವುದು? ಮೊದಲ ಮುದ್ರಣಗಳಲ್ಲಿ ಹಾಬಿಟ್ ಎಂಬ ಕುಳ್ಳನಾಗಿದ್ದವನು 1977ರಲ್ಲಿ, ಆ ಹೆಸರನ್ನು ತನ್ನ ಕಾದಂಬರಿಗಳಲ್ಲಿ ತಂದಿದ್ದ ಟೋಲ್ಕಿನ್‌ನ ಹಕ್ಕುದಾರರ ತಕರಾರು ಬಂದ ಮೇಲೆ ಹಾಫ್‌ಲಿಂಗ್ ಆದ, ಎಂಟ್ ಎಂಬ ಮರಮಾನವ ಟ್ರೀಯೆಂಟ್ ಆದ. ಹೀಗಾಗಿ ಯಾವ ಮುದ್ರಣ ಯಾವ ಪೆಟ್ಟಿಗೆ ಎಂಬ ಶಾಸ್ತ್ರಾರ್ಥ ತಾಳೆಗರಿಯ ಪಾಠಾಂತರದ ಚರ್ಚೆಯನ್ನೂ ಮೀರಿಸುತ್ತದೆ. 2018ರಲ್ಲಿ ಗುಡ್‌ಮನ್ ಗೇಮ್ಸ್ ಎಂಬ ಬೇರೊಂದು ಕಂಪನಿ ಪರವಾನಗಿ ಪಡೆದು ಹಳೆಯ ಸಾಹಸಗಳನ್ನು, ಅಂದರೆ ಆಡಲು ಸಿದ್ಧವಾಗಿ ಬರೆದಿಟ್ಟ ಕಥೆಗಳನ್ನು, ಮರಳಿ ತಂದಾಗ, ಒಂದೇ ಸಾಹಸದ ಬೇರೆ ಬೇರೆ ಮುದ್ರಣಗಳ ಪುಟಗಳನ್ನು ಒಂದೇ ಸಂಪುಟದಲ್ಲಿ ಮತ್ತೆ ಅಚ್ಚು ಹಾಕಿತು. ಅಂದರೆ ಅದೇ ಗುಹೆ, ಅದೇ ಗಾಬ್ಲಿನ್, ಮುಂದಿನ ಹಾಳೆಗಳಲ್ಲಿ ಪುನಃ ಅದೇ ಗುಹೆ, ಅದೇ ಗಾಬ್ಲಿನ್. ಕೊಂಡವರು ಇದನ್ನು ದೋಷವೆನ್ನಲಿಲ್ಲ, ವಿಶೇಷವೆಂದರು.

2024ರಲ್ಲಿ, ಐವತ್ತನೆಯ ವರ್ಷದ ನೆಪದಲ್ಲಿ, 1974ರ ಪುಸ್ತಿಕೆಗಳನ್ನೂ ಅವುಗಳ ಕರಡುಗಳನ್ನೂ ಒಳಗೊಂಡ ದಪ್ಪ ಸಂಪುಟವೊಂದು ಸುಮಾರು 100 ಡಾಲರಿಗೆ ಬಂದಿತು. ಇಷ್ಟು ಮೂಲ ಹಿಂದೆಂದೂ ಸಿಕ್ಕಿರಲಿಲ್ಲ. ಆದರೆ ಹಳೆಯ ಪಠ್ಯದಲ್ಲಿ ಹೆಂಗಸರ ಬಗೆಗಿನ ಧೋರಣೆ ಸರಿಯಿಲ್ಲವೆಂದು ಪ್ರಸ್ತಾವನೆಯಲ್ಲಿ ಬರೆದದ್ದೇ ಜಗಳಕ್ಕೆ ಸಾಕಾಯಿತು. ಒಂದಕ್ಷರವೂ ಬದಲಾಗದ ನೂರಾರು ಪುಟಗಳನ್ನು ಬಿಟ್ಟು ಜನ ಪ್ರಸ್ತಾವನೆಯ ಮೇಲೆ ಬಿದ್ದರು. ಪ್ರಸ್ತಾವನೆಯನ್ನು ಯಾರೂ ಓದುವುದಿಲ್ಲ ಎಂದು ಕೊರಗುವ ಕನ್ನಡದ ಸಂಪಾದಕರು ಇದರಿಂದ ಧೈರ್ಯ ತಂದುಕೊಳ್ಳಬಹುದು. ನವೆಂಬರ್‌ನಲ್ಲಿ ಇಲಾನ್ ಮಸ್ಕ್ ಹ್ಯಾಸ್‌ಬ್ರೋಗೆ ಬೆಲೆಯೆಷ್ಟು ಎಂದು ಸಾರ್ವಜನಿಕವಾಗಿ ಕೇಳಿದರು. ಒಂದು ಪ್ರಸ್ತಾವನೆ ಹಿಡಿಸದಿದ್ದರೆ ಪುಟ ತಿರುಗಿಸುವ ಬದಲು ಕಂಪನಿಯನ್ನೇ ಕೊಳ್ಳುವ ಅನುಕೂಲ ಎಲ್ಲ ಓದುಗರಿಗೂ ಇರುವುದಿಲ್ಲ.

ಇಷ್ಟೆಲ್ಲ ಗದ್ದಲದ ನಡುವೆ 1974ರ ಮೂರನೆಯ ಪುಸ್ತಿಕೆಯ ಕೊನೆಯಲ್ಲಿರುವ ನಾಲ್ಕು ಸಾಲು ಯಾರ ಕಣ್ಣಿಗೂ ಬಿದ್ದಂತಿಲ್ಲ. ನಿಯಮದಲ್ಲಿ ಸಂದೇಹ ಬಂದರೆ ನಮಗೆ ಕಾಗದ ಬರೆಯಬೇಕಾಗಿಲ್ಲ, ನಿಮಗೆ ಹೇಗೆ ಬೇಕೋ ಹಾಗೆ ಮಾಡಿಕೊಳ್ಳಿ, ನೀವು ಮಾಡಬೇಕಾದ ಕಲ್ಪನೆಯನ್ನು ಇನ್ನಷ್ಟು ನಾವೇಕೆ ಮಾಡಿಕೊಡಬೇಕು ಎಂಬುದು ಅದರ ತಾತ್ಪರ್ಯ. ಇನ್ನು ಏನನ್ನೂ ಕೊಳ್ಳಬೇಕಾಗಿಲ್ಲ ಎಂದು ಹೇಳುವ ಪುಸ್ತಕವನ್ನು 10 ಡಾಲರಿಗೆ ಒಮ್ಮೆ, 150 ಡಾಲರಿಗೆ ಒಮ್ಮೆ, 100 ಡಾಲರಿಗೆ ಮತ್ತೊಮ್ಮೆ ಮಾರಿದವರ ಸಾಮರ್ಥ್ಯವನ್ನು ಮೆಚ್ಚಬೇಕು. ಮೂರು ಸಲವೂ ಕೊಂಡವರು ಆ ಸಾಲಿನವರೆಗೆ ಹೋಗಿರಲಾರರು, ಏಕೆಂದರೆ ಪ್ಲಾಸ್ಟಿಕ್ ಹೊದಿಕೆ ಹರಿದರೆ ಬೆಲೆ ಬಿದ್ದುಹೋಗುತ್ತದೆ. ಹಾಗಾದರೆ ಆಡುವುದು ಯಾವಾಗ ಎಂದು ಕೇಳಿದರೆ ಸಂಗ್ರಾಹಕರ ಬಳಿ ಉತ್ತರ ಸಿದ್ಧವಾಗಿರುತ್ತದೆ: ಆಡುವುದಕ್ಕೆ ಬೇರೆ ಪ್ರತಿ ಇದೆ, ಇದು ಇಡುವುದಕ್ಕೆ.