ಉದ್ದಿನಬೇಳೆಗೊಂದು ಅಲಾರಂ

ನಾನಿರುವುದು ಬೆಂಗಳೂರಿನ ಒಂದು ಸಣ್ಣ ದೋಸೆಹಿಟ್ಟಿನ ಕಂಪನಿಯಲ್ಲಿ. ರುಬ್ಬುವವನು ನಾನಲ್ಲ. ಅಂಗಡಿಗಳ ಆರ್ಡರು, ಗಾಡಿ, ಬಿಲ್ಲು ಇಷ್ಟು ನೋಡಿಕೊಳ್ಳುತ್ತೇನೆ. ಯಾವತ್ತೋ ಒಂದು ದಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಹರಿಯದೆ ಎಳೆದುಕೊಟ್ಟೆ ನೋಡಿ, ಅವತ್ತಿನಿಂದ ನಾನು 'ಕಂಪ್ಯೂಟರ್ ಗೊತ್ತಿರೋನು'.

ಮೊದಲು ನಮ್ಮ ವ್ಯವಹಾರವೆಲ್ಲ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿತ್ತು. ಬೆಳಗ್ಗೆ ಗುಲಾಬಿ ಹೂವಿನ ಶುಭೋದಯ, ಆಮೇಲೆ ಯಾರದೋ ಮಗುವಿನ ಬರ್ತ್‌ಡೇ, ಅದರ ಕೆಳಗೆಲ್ಲೋ 'ಅಕ್ಕಿ 2 ಚೀಲ ಮಾತ್ರ ಇದೆ'. ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ಯಜಮಾನರ ಮಗ ಎಲ್ಲರ ಫೋನಿಗೂ ಸ್ಲ್ಯಾಕ್ ಅನ್ನುವ ಆಫೀಸಿನ ಮೆಸೇಜ್ ಆ್ಯಪ್ ಹಾಕಿಸಿದರು. ಸ್ಟಾಕಿನ ಲೆಕ್ಕವನ್ನು ಗೂಗಲ್ ಶೀಟಿಗೆ ಹತ್ತಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಯಾವ ಸಾಮಾನು 3 ಚೀಲಕ್ಕಿಂತ ಕಡಿಮೆ ಆದ್ರೂ ತಾನಾಗೇ ಸ್ಲ್ಯಾಕಿಗೆ ಮೆಸೇಜ್ ಬರೋ ಹಾಗೆ ಮಾಡ್ಬಿಡಿ, ಅರ್ಧ ಗಂಟೆ ಕೆಲಸ" ಅಂದರು. ಯಾರ ಅರ್ಧ ಗಂಟೆ ಅಂತ ಹೇಳಲಿಲ್ಲ.

ಕೇಳಲು ಸುಲಭವೇ. ಶೀಟಿನ ಮೆನುವಿನಲ್ಲಿ ಆ್ಯಪ್ಸ್ ಸ್ಕ್ರಿಪ್ಟ್ ಅಂತ ಇದೆ, ಅಲ್ಲಿ ನಾಲ್ಕು ಸಾಲು ಕೋಡ್ ಬರೆಯಬೇಕು. ಸ್ಲ್ಯಾಕ್ ಕಡೆಯಿಂದ ವೆಬ್‌ಹುಕ್ ಅನ್ನುವ ಒಂದು ಉದ್ದದ ವಿಳಾಸ ಸಿಗುತ್ತದೆ. ಆ ವಿಳಾಸಕ್ಕೆ ಕೋಡು ಏನು ಕಳಿಸಿದರೂ ಅದು ನಮ್ಮ ಚಾನೆಲ್ಲಿಗೆ, ಅಂದರೆ ಸ್ಲ್ಯಾಕಿನ ಗ್ರೂಪಿಗೆ, ಬಂದು ಬೀಳುತ್ತದೆ. ನಾನು ಆನ್‌ಎಡಿಟ್ ಅಂತ ಹೆಸರಿಟ್ಟು ಬರೆದೆ, ಅಂದರೆ ಶೀಟಿನಲ್ಲಿ ಯಾರು ಏನು ತಿದ್ದಿದರೂ ಆ ಕೋಡು ತಾನಾಗೇ ಓಡಬೇಕು. ಏನೂ ಬೀಳಲಿಲ್ಲ. ಡಬ್ಬಿಯ ಊಟ ಆರಿ ಹೋಗುವ ತನಕ ಹುಡುಕಿದ ಮೇಲೆ ತಿಳಿಯಿತು, ಸುಮ್ನೆ ಆ ಹೆಸರಿಟ್ಟ ಕೋಡು ಮನೆಯೊಳಗಿನ ಕೆಲಸ ಮಾತ್ರ ಮಾಡುತ್ತದೆ, ಹೊಸ್ತಿಲು ದಾಟಿ ಹೊರಗೆ ಮೆಸೇಜ್ ಕಳಿಸಬೇಕಾದರೆ ಕೋಡು ಯಾವಾಗ ಓಡಬೇಕು ಅಂತ ಹೇಳುವ ಟ್ರಿಗರ್ ಪುಟದಲ್ಲಿ ಅದನ್ನು ಬೇರೆಯಾಗಿ ಕೂರಿಸಿ ಅನುಮತಿ ಕೊಡಬೇಕು ಅಂತ. ಕೊಟ್ಟೆ.

ದಾಟಿದ್ದೇ ದಾಟಿದ್ದು. ಮೊದಲು ಮೆಸೇಜ್ ಹೋಗುತ್ತಾ ನೋಡೋಣ, ಆ 3 ಚೀಲದ ಷರತ್ತು ಆಮೇಲೆ ಹಾಕೋಣ ಅಂತ ಬಿಟ್ಟು ಟೀಗೆ ಹೋಗಿದ್ದೆ. ಅಷ್ಟರಲ್ಲಿ ಲೆಕ್ಕದ ಮೇಡಂ ತಿಂಗಳ ಖರೀದಿಯನ್ನೆಲ್ಲ ತುಂಬಲು ಕೂತರು. ಅವರು ಒಂದು ಸೆಲ್ ತುಂಬಿ ಎಂಟರ್ ಒತ್ತಿದರೆ ಹನ್ನೊಂದು ಫೋನುಗಳಲ್ಲಿ ಟಕ್. ಇನ್ನೊಂದು ಸೆಲ್, ಮತ್ತೆ ಹನ್ನೊಂದು ಟಕ್. ನಾನು ವಾಪಸ್ ಬಂದಾಗ ಗ್ರೈಂಡರ್ ನಿಲ್ಲಿಸಿ ಎಲ್ಲರೂ ಫೋನ್ ನೋಡುತ್ತಾ ನಿಂತಿದ್ದರು. ಮೇಡಂ ಮಾತ್ರ, "ಯಾರ್ರೀ ಅದು ಒಂದೇ ಸಮ ಮೆಸೇಜ್ ಹಾಕ್ತಿರೋದು, ಕೆಲಸ ಇಲ್ವಾ" ಅಂತ ಬೈಯುತ್ತಲೇ ಟೈಪ್ ಮಾಡುತ್ತಿದ್ದರು.

ಸರಿ, 3 ಚೀಲದ ಷರತ್ತು ಹಾಕಿ, ದಿನಕ್ಕೊಂದೇ ಸಲ ಅಂತ ಬದಲಾಯಿಸಿದೆ. ಬೆಳಗ್ಗೆ 9ಕ್ಕೆ. ಅದರಲ್ಲಿ 9 ಅಂತ ನಿಖರವಾಗಿ ಕೊಡುವ ಹಾಗಿಲ್ಲ, 9ರಿಂದ 10ರೊಳಗೆ ಅಂತ ಆರಿಸಬೇಕು. ಆ ಗಂಟೆಯಲ್ಲಿ ಅದಕ್ಕೆ ಯಾವಾಗ ಮನಸ್ಸು ಬರುತ್ತೋ ಆಗ ಬರುತ್ತದೆ, ನಮ್ಮ ಬೀದಿಗೆ ಕಾವೇರಿ ನೀರು ಬರುವ ಹಾಗೆ. ಮಾರನೇ ದಿನ 10 ಆಯಿತು, ಬರಲಿಲ್ಲ. ಸಂಜೆ ಮುಕ್ಕಾಲು ಪಾಲು ಜನ ಬ್ಯಾಗ್ ಹೆಗಲಿಗೆ ಹಾಕಿಕೊಂಡ ಮೇಲೆ ಬಂತು, 'ಶುಭೋದಯ! ಇವತ್ತಿನ ಸ್ಟಾಕ್ ನೋಡಿಕೊಳ್ಳಿ'. ಶೀಟಿಗೊಂದು ಟೈಮ್‌ಝೋನ್, ಸ್ಕ್ರಿಪ್ಟಿಗೇ ಇನ್ನೊಂದು ಅಂತ ನನಗೇನು ಗೊತ್ತು. ಶೀಟು ಇಂಡಿಯಾದಲ್ಲಿತ್ತು, ಸ್ಕ್ರಿಪ್ಟು ನ್ಯೂಯಾರ್ಕಿನಲ್ಲಿತ್ತು. ಜೂನ್ ತಿಂಗಳು, ಅಲ್ಲಿ 9 ಆದರೆ ಇಲ್ಲಿ 6:30.

ಆ ಶುಭೋದಯದ ಕೆಳಗೆ ಒಂದು ಪಟ್ಟಿಯೂ ಇತ್ತು. 'ಕಡಿಮೆ ಇದೆ:' ಅಂತ. ಅದರ ಕೆಳಗೆ ಮತ್ತೆ 'ಕಡಿಮೆ ಇದೆ:'. ಏನು ಕಡಿಮೆ ಇದೆ ಅಂತ ಇಲ್ಲ, ಬರೀ ಕಡಿಮೆ ಇದೆ. ಬೆರಳು ನೋಯುವ ತನಕ ಜಾರಿಸಿದರೂ ಮುಗಿಯದು. ಹೊಸ ಶೀಟಿನಲ್ಲಿ 1000 ಸಾಲು ಇರುತ್ತವೆ, ನಮ್ಮ ಸಾಮಾನು 12. ತಲೆಬರಹದ ಸಾಲು ಬಿಟ್ಟರೆ ಮಿಕ್ಕ 987 ಖಾಲಿ. ಖಾಲಿ ಸೆಲ್ಲನ್ನು 3ರ ಜೊತೆ ಹೋಲಿಸಿದರೆ ಕೋಡು ಅದನ್ನು ಸೊನ್ನೆ ಅಂತಲೇ ಎಣಿಸುತ್ತದೆ. ನಮ್ಮ ಶಾಲೆಯ ಮೇಷ್ಟ್ರೂ ಹಾಗೇ, ಬರೆಯದೇ ಬಿಟ್ಟ ಪ್ರಶ್ನೆಗೆ ದೊಡ್ಡದಾಗಿ ಸೊನ್ನೆ ಸುತ್ತುತ್ತಿದ್ದರು. ಗೊತ್ತಿದ್ದೂ ಎಡವಿದೆ.

ಇವೆರಡನ್ನೂ ಸರಿಮಾಡಿದ ಮೇಲೆ ಎರಡು ವಾರ ಚೆನ್ನಾಗಿ ನಡೆಯಿತು. ಎಷ್ಟು ಚೆನ್ನಾಗಿ ಅಂದರೆ ಯಾರೂ ಓದುತ್ತಿರಲಿಲ್ಲ. ಹೀಗಾದರೆ ಆಗಲ್ಲ ಅಂತ ನಾನು ಅಲಂಕಾರಕ್ಕೆ ಇಳಿದೆ, ಕೆಂಪು ಸೈರನ್ ಎಮೋಜಿ, ದಪ್ಪಕ್ಷರ, ಸಾಲದ್ದಕ್ಕೆ ಚಾನೆಲ್ಲಿನಲ್ಲಿರುವ ಎಲ್ಲರನ್ನೂ ಒಟ್ಟಿಗೆ ಕೂಗಿ ಕರೆಯುವ ಆ ಚಾನೆಲ್ ಮೆನ್ಶನ್ನು, ಜೊತೆಗೆ ಸ್ಟಾಕ್ ಏರುವ ತನಕ ಗಂಟೆಗೊಂದು ಸಲ ಅಂತ. ಗಂಟೆಗೊಂದು ಸಲ ಅಂದರೆ ರಾತ್ರಿಯೂ ಗಂಟೆ ಇರುತ್ತೆ ಅಲ್ವಾ, ಅದು ಹೊಳೆಯಲಿಲ್ಲ. ನಡುರಾತ್ರಿ 2ಕ್ಕೆ ಗಾಡಿ ಡ್ರೈವರ್ ಫೋನ್ ಮಾಡಿ, "ಸಾರ್, ಮೆಂತ್ಯ ಕಡಿಮೆ ಆಗಿದ್ಯಂತೆ, ನಾನೇನ್ ಮಾಡ್ಲಿ?" ಅಂತ ಕೇಳಿದ. ಬೀಗರ ಊಟಕ್ಕೆ ಕೂತಿದ್ದ ಯಜಮಾನರಿಗೆ ಪಾಯಸ ಬಡಿಸುವ ಹೊತ್ತಿಗೆ ಸೈರನ್ ಹೋಗಿತ್ತು. ಅವರೂ ಫೋನ್ ಮಾಡಿದರು. ಆ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ರಾತ್ರಿಯದ್ದು ತೆಗೆದೆ, ಹಗಲಿನದ್ದು ಬಿಟ್ಟೆ. ಅದಾಗಿ ನಾಲ್ಕೇ ದಿನಕ್ಕೆ ಚಾನೆಲ್ ಪೂರ್ತಿ ತಣ್ಣಗಾಯಿತು. ಒಂದು ಸೈರನ್ ಇಲ್ಲ. ನನಗಂತೂ ಎದೆ ಉಬ್ಬಿತು. ನೋಡಿ, ಹೀಗೆ ಬಿಗಿ ಮಾಡಿದರೆ ಸ್ಟಾಕ್ ಯಾವಾಗಲೂ ತುಂಬಿರುತ್ತೆ ಅಂತ ಯಜಮಾನರ ಮಗನಿಗೆ ಹೇಳಿದೆ. ಅವರೂ ಹೆಬ್ಬೆರಳಿನ ಎಮೋಜಿ ಒತ್ತಿದರು.

ಶುಕ್ರವಾರ ಮಧ್ಯಾಹ್ನ ನೆನೆಹಾಕಲು ಉದ್ದಿನಬೇಳೆ ಇಲ್ಲ. ಶನಿವಾರ ಭಾನುವಾರ ನಮಗೆ ಹಬ್ಬ, ಇಡೀ ಊರು ಮನೆಯಲ್ಲೇ ಕೂತು ದೋಸೆ ಹುಯ್ಯುತ್ತದೆ. ಶೀಟು ನೋಡಿದರೆ ಉದ್ದಿನಬೇಳೆ 50 ಚೀಲ ಅಂತಿದೆ. ಸ್ಟೋರಿಗೆ ಹೋಗಿ ನೋಡಿದರೆ ಅರ್ಧ ಚೀಲ, ಅದೂ ಬಾಯಿ ಬಿಚ್ಚಿದ್ದು. ನಮ್ಮ ಸ್ಟೋರಿನಲ್ಲಿ 50 ಚೀಲ ಇಟ್ಟರೆ ಮನುಷ್ಯ ನಿಲ್ಲಲು ಜಾಗ ಇರಲ್ಲ.

"ಅಣ್ಣಾ, ಈ ಐವತ್ತು ಎಲ್ಲಿಂದ ಬಂತು?"

ಸ್ಟೋರಿನ ಅಣ್ಣನ ಮುಖದಲ್ಲಿ ಒಂದಿಷ್ಟೂ ಕಳವಳ ಇರಲಿಲ್ಲ. "ನಾನೇ ಹಾಕ್ದೆ ಸಾರ್. ಒಂದೇ ಸಮ ಬಡ್ಕೊಳ್ತಿತ್ತು. ಐದು ಹಾಕಿ ನೋಡ್ದೆ, ಎರಡು ದಿನಕ್ಕೆ ಮತ್ತೆ ಶುರು ಮಾಡ್ತು. ಐವತ್ತು ಹಾಕ್ದೆ, ಸುಮ್ನಾಯ್ತು."

ಮೇಲೆ ಕೆಳಗೆ ನೋಡಿದೆ. ಅಕ್ಕಿ 50. ಮೆಂತ್ಯ 50. ಉಪ್ಪು 50. ಪಾಪ, ಯಾವುದಕ್ಕೂ ಭೇದ ಮಾಡಿರಲಿಲ್ಲ.

ಯಶವಂತಪುರದ ಸಗಟು ಯಾರ್ಡಿಗೆ ಹೋಗಿ ತರುವಷ್ಟು ಹೊತ್ತಿರಲಿಲ್ಲ. ನಾನು, ಡ್ರೈವರು, ಯಜಮಾನರ ಮಗ ಮೂರು ದಿಕ್ಕಿಗೆ ಹೊರಟು ಸುತ್ತಮುತ್ತಲಿನ ಕಿರಾಣಿ ಅಂಗಡಿಗಳಲ್ಲಿ ಅರ್ಧ ಕಿಲೋ, ಒಂದು ಕಿಲೋ ಪ್ಯಾಕೆಟ್ಟು ಬಾಚಿಕೊಂಡು ಬಂದೆವು. ಒಬ್ಬ ಅಂಗಡಿಯವರು, "ಮನೇಲಿ ಮದುವೆನಾ ಸಾರ್?" ಅಂತಲೂ ಕೇಳಿದರು.

ಸೋಮವಾರ ಶೀಟಿಗೆ ಒಂದು ಹೊಸ ಕಾಲಂ ಸೇರಿಸಿದೆ. ಮೇಲೆ 'ನಿಜವಾದ ಸ್ಟಾಕ್' ಅಂತ ಬರೆದು, ಅಣ್ಣನನ್ನು ಕರೆದು, ಇನ್ನು ಮೇಲೆ ಇಲ್ಲಿ ಎಣಿಸಿಯೇ ಬರೀಬೇಕು, ಹಳೇ ಕಾಲಮ್ಮಿನಲ್ಲಿ ಏನು ಬೇಕಾದರೂ ಇರಲಿ ಅಂತ ನಿಧಾನವಾಗಿ ಹೇಳಿಕೊಟ್ಟೆ. ಅವರು ಕನ್ನಡಕ ಹಣೆಗೇರಿಸಿ ಸ್ಕ್ರೀನನ್ನೇ ನೋಡಿದರು.

"ಸಾರ್, ಇದೂ ಬಡ್ಕೊಳ್ಳುತ್ತಾ?"