ಈರುಳ್ಳಿ ಪೊರೆಯಲ್ಲಿ ಹಸಿರು ಎಲ್ಲಿಂದ ಬಂತು?

ಈರುಳ್ಳಿ ಪೊರೆಯ ಸ್ಲೈಡ್ ನೋಡಿ ಚಿತ್ರ ಬರೆಯಿರಿ ಅಂದರೆ ಎಷ್ಟೋ ರೆಕಾರ್ಡ್ ಪುಸ್ತಕಗಳಲ್ಲಿ ಸಿಗುವುದು ಹಸಿರು ಪೆನ್ಸಿಲ್ಲಿನ ಕ್ಲೋರೋಪ್ಲಾಸ್ಟ್, ಒಳಗೆ ಮಡಿಕೆ ಇರುವ ಮೈಟೋಕಾಂಡ್ರಿಯ, ಸುತ್ತ ರೈಬೋಸೋಮಿನ ಚುಕ್ಕೆ. ಈ ಮೂರೂ ಆ ಸ್ಲೈಡಿನಲ್ಲಿ ಕಂಡಿರಲಾರವು. ಗಡ್ಡೆಯ ಒಳಪದರದ ಆ ಪೊರೆಯಲ್ಲಿ ಕ್ಲೋರೋಪ್ಲಾಸ್ಟೇ ಇಲ್ಲ. ಮೈಟೋಕಾಂಡ್ರಿಯ ಇದೆ, ಆದರೆ ಅದರ ಮಡಿಕೆಗಳು ಶಾಲೆಯ ಮೈಕ್ರೋಸ್ಕೋಪಿಗೆ ನಿಲುಕುವುದಿಲ್ಲ. ರೈಬೋಸೋಮಂತೂ ಸುಮಾರು 25 ನ್ಯಾನೋಮೀಟರ್. ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪಿನ ಶಕ್ತಿ 200 ನ್ಯಾನೋಮೀಟರಿಗೇ ಮುಗಿಯುತ್ತದೆ.

ಸ್ಲೈಡಿನಲ್ಲಿ ಕಂಡಷ್ಟಕ್ಕೇ ಪ್ರಾಕ್ಟಿಕಲ್ ಮಾರ್ಕ್ಸ್ ಕೊಡಬೇಕು ಅನ್ನುವುದು ನನ್ನ ವಾದ. ಪಾಠದ ಚಿತ್ರ ಥಿಯರಿ ಪರೀಕ್ಷೆಯಲ್ಲಿ ಹೇಗೂ ಬರುತ್ತದೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಹೋಳಿನಲ್ಲಿ ಕಂಡದ್ದು ಖಾಲಿ ಗೂಡು, ಬರೆದದ್ದೂ ಖಾಲಿ ಗೂಡೇ. ಈಗಿನ ರೆಕಾರ್ಡಿಗೆ ಆ ಚಿತ್ರ ಕೊಟ್ಟಿದ್ದರೆ 'ಭಾಗಗಳನ್ನು ಗುರುತಿಸಿಲ್ಲ' ಎಂದು ಕೆಂಪು ಶಾಯಿ ಬೀಳುತ್ತಿತ್ತು!

ಆದರೆ ಕಂಡದ್ದನ್ನು ಬರೆಯಬೇಕಾದರೆ ಮೊದಲು ಕಾಣಬೇಕಲ್ಲ. ಸ್ಲೈಡ್ ಹೆಚ್ಚಾಗಿ ಕೆಡುವುದು ಸುಲಿಯುವಾಗಲೇ. ಈರುಳ್ಳಿಯನ್ನು ನಾಲ್ಕು ಹೋಳು ಮಾಡಿ, ದಪ್ಪ ಪದರ ಒಂದನ್ನು ಬಿಡಿಸಿ ಹಿಂದಕ್ಕೆ ಬಗ್ಗಿಸಿ ಮುರಿಯಿರಿ. ತಗ್ಗಾಗಿರುವ ಒಳಮೈಯಿಂದ ತೆಳು ಪ್ಲಾಸ್ಟಿಕ್ಕಿನಂಥ ಪೊರೆ ಏಳುತ್ತದೆ. ಹೊರಮೈ ಕಡೆಯದು ತಿರುಳನ್ನೂ ಕಿತ್ತುಕೊಂಡು ಬರುತ್ತದೆ, ಅದು ಬೇಡ. ಎದ್ದ ಪೊರೆಯನ್ನು ತಕ್ಷಣ ನೀರಿಗೆ ಬಿಡಿ, ಇಲ್ಲದಿದ್ದರೆ ಸುರುಳಿ ಸುತ್ತಿಕೊಳ್ಳುತ್ತದೆ. ನೀರಿನಲ್ಲೇ 5 ಮಿಲಿಮೀಟರಿನ ಚೌಕ ಕತ್ತರಿಸಿಕೊಳ್ಳಿ. ದೊಡ್ಡ ತುಂಡು ಮಡಚಿಕೊಂಡರೆ ಎರಡು ಪದರದ ಗೋಡೆಗಳು ಒಂದರ ಮೇಲೊಂದು ಬಿದ್ದು, ಪಾಪ, ಮಗು ಮೀನಿನ ಬಲೆ ಬರೆದುಕೊಡುತ್ತದೆ.

ಸಫ್ರನಿನ್ ಒಂದು ಹನಿ, ಅರ್ಧ ನಿಮಿಷ, ಆಮೇಲೆ ತೊಳೆಯಿರಿ. ತೊಳೆಯದೆ ಬಿಟ್ಟರೆ ಎಲ್ಲವೂ ಕೆಂಪು. ಗ್ಲಿಸರಿನ್ ಒಂದು ಹನಿ ಹಾಕಿ, ಕವರ್ ಸ್ಲಿಪ್ಪಿನ ಒಂದು ಅಂಚನ್ನು ಊರಿ, ಇನ್ನೊಂದು ಅಂಚನ್ನು ಸೂಜಿಯ ಮೇಲೆ ನಿಧಾನಕ್ಕೆ ಇಳಿಸಿ. ಧಪ್ ಎಂದು ಬಿಟ್ಟರೆ ಗಾಳಿಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತದೆ. ಕಪ್ಪು ಅಂಚಿನ ಆ ದುಂಡನೆಯ ಗುಳ್ಳೆಗೇ ನ್ಯೂಕ್ಲಿಯಸ್ ಎಂದು ಹೆಸರು ಬರೆಯುವ ಮಕ್ಕಳು ಕಡಿಮೆಯಿಲ್ಲ. ಮೊದಲು 10x ಲೆನ್ಸಿನಲ್ಲಿ ನೋಡಿ. 40xಗೆ ತಿರುಗಿಸಿದ ಮೇಲೆ ದೊಡ್ಡ ತಿರುಪು ಮುಟ್ಟಿದರೆ ಕವರ್ ಸ್ಲಿಪ್ 'ಚಟ್' ಅನ್ನುತ್ತದೆ.

ಈಗ ಒಂದೇ ಕೋಶದ ಮೇಲೆ ಐದು ನಿಮಿಷ ನಿಲ್ಲಿ. ನ್ಯೂಕ್ಲಿಯಸ್ ಗೋಡೆಗೆ ಒತ್ತಿಕೊಂಡಿರುತ್ತದೆ, ಏಕೆಂದರೆ ನಡುವಿನ ಜಾಗವನ್ನೆಲ್ಲ ದೊಡ್ಡ ರಸದಾನಿ, ಅಂದರೆ ರಸ ತುಂಬಿದ ಚೀಲ, ಹಿಡಿದಿದೆ. 'ಪಕ್ಕದ ಕೋಶದಲ್ಲಿ ನಡುವೆಯೇ ಇದೆಯಲ್ಲ ಮಿಸ್?' ಎಂದು ಕೇಳಿದ ಮಗುವಿಗೆ ಶಹಬ್ಬಾಸ್ ಹೇಳಬೇಕು. ಅಲ್ಲಿ ಅದು ಮೇಲಿನ ಅಥವಾ ಕೆಳಗಿನ ಗೋಡೆಗೆ ಅಂಟಿದೆ, ನಾವು ಮೇಲಿನಿಂದ ನೋಡುತ್ತಿದ್ದೇವೆ. ಸಣ್ಣ ತಿರುಪನ್ನು ಮೆಲ್ಲಗೆ ಆಡಿಸಿದರೆ ಗೋಡೆ ಒಂದು ಮಟ್ಟದಲ್ಲಿ, ನ್ಯೂಕ್ಲಿಯಸ್ ಇನ್ನೊಂದು ಮಟ್ಟದಲ್ಲಿ ಸ್ಪಷ್ಟವಾಗುತ್ತದೆ. ಕೋಶ ಚಪ್ಪಟೆ ಚೌಕವಲ್ಲ, ಆಳವಿರುವ ಪೆಟ್ಟಿಗೆ ಎಂದು ಗೊತ್ತಾಗುವುದು ಆ ತಿರುಪಿನಲ್ಲೇ.

ಪ್ರಾಣಿಕೋಶಕ್ಕೆ ಕೆನ್ನೆಯ ಒಳಭಾಗವನ್ನು ಸ್ವಚ್ಛವಾದ ಐಸ್‌ಕ್ರೀಂ ಕಡ್ಡಿಯಿಂದ ಮೆದುವಾಗಿ ಸವರಿ, ಒಂದು ಹನಿ ನೀರಿನಲ್ಲಿ ಹರಡಿ, ಮೀಥೈಲಿನ್ ಬ್ಲೂ ಒಂದು ನಿಮಿಷ. ಒಬ್ಬರ ಕಡ್ಡಿ ಇನ್ನೊಬ್ಬರಿಗೆ ಬೇಡ. 'ಪ್ರಾಣಿಕೋಶ ದುಂಡಗೆ' ಎಂದು ಬಾಯಿಪಾಠ ಮಾಡಿದವರಿಗೆ ಇಲ್ಲಿ ಕಾಣುವುದು ಅಂಚು ಮಡಚಿದ ಹಪ್ಪಳದಂಥ ಚೂರು, ನಡುವೆ ನೀಲಿ ಬೊಟ್ಟು. ಅದರ ಮೇಲಿನ ಸಣ್ಣ ನೀಲಿ ಚುಕ್ಕೆಗಳು ಬಾಯಿಯ ಬ್ಯಾಕ್ಟೀರಿಯಾ.

ಪುಸ್ತಕದಲ್ಲಿ ಎರಡೂ ಕೋಶ ಒಂದೇ ಅಳತೆಯಲ್ಲಿರುತ್ತವೆ. 10x ಲೆನ್ಸಿನ ಕೆಳಗೆ ಪಾರದರ್ಶಕ ಸ್ಕೇಲ್ ಇಟ್ಟು ಕಾಣುವ ವೃತ್ತದ ಅಗಲ ಅಳೆಯಿರಿ. ಅದು 1.8 ಮಿಲಿಮೀಟರ್ ಇದ್ದು, ಉದ್ದಕ್ಕೆ ಆರು ಈರುಳ್ಳಿ ಕೋಶ ಹಿಡಿಸಿದರೆ ಒಂದೊಂದೂ 0.3 ಮಿಲಿಮೀಟರ್. ಕೆನ್ನೆಯ ಕೋಶ ಹೆಚ್ಚುಕಡಿಮೆ ಅದರ ಐದನೇ ಒಂದು ಭಾಗ.

ಇನ್ನು ಕೋಶಪೊರೆ, ಅಂದರೆ ಸುಲಿದ ಪೊರೆಯಲ್ಲ, ಒಂದೊಂದು ಕೋಶದ ಗೋಡೆಯ ಒಳಗಿರುವ ತೆಳು ಹೊದಿಕೆ. ಈರುಳ್ಳಿಯಲ್ಲಿ ಅದು ಗೋಡೆಗೆ ಅಂಟಿಕೊಂಡಿರುವುದರಿಂದ ಬೇರೆಯಾಗಿ ಕಾಣುವುದಿಲ್ಲ, ಎರಡು ಗೆರೆ ಎಳೆದವರು ಊಹಿಸಿ ಎಳೆದಿದ್ದಾರೆ. ಅದಕ್ಕೆ ಪಾರ್ಕುಗಳಲ್ಲಿ ಅಂಚಿಗೆ ನೆಡುವ, ಎಲೆಯ ಕೆಳಮೈ ನೇರಳೆಯಾದ ರಿಯೋ ಗಿಡವೇ ಸರಿ. ನೇರಳೆ ಸಿಪ್ಪೆಯನ್ನು ನೀರಿನಲ್ಲಿಟ್ಟು ಒಮ್ಮೆ ನೋಡಿ. ಆಮೇಲೆ 100 ಮಿಲಿಲೀಟರಿಗೆ 5 ಗ್ರಾಂ ಉಪ್ಪು ಕರಗಿಸಿ, ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಆ ನೀರು ಬಿಟ್ಟು ಎದುರಂಚಿನಲ್ಲಿ ಬ್ಲಾಟಿಂಗ್ ಪೇಪರಿನಿಂದ ಎಳೆಯಿರಿ. ಕೆಲವೇ ನಿಮಿಷದಲ್ಲಿ ನೇರಳೆ ಬಣ್ಣ ಗೋಡೆ ಬಿಟ್ಟು ಒಳಗೆ ಮುದುಡುತ್ತದೆ. ಆ ನೇರಳೆಯ ಅಂಚೇ ಕೋಶಪೊರೆ ಇರುವ ಜಾಗ. ಬೇಗನೆ ಸಾದಾ ನೀರು ಹರಿಸಿದರೆ ಬಣ್ಣ ಮತ್ತೆ ಗೋಡೆಯವರೆಗೆ ಉಬ್ಬುತ್ತದೆ. ಜೊತೆಗೆ ಕುದಿಸಿದ ಎಲೆಯದೂ ಒಂದು ಸ್ಲೈಡ್ ಇಟ್ಟುಕೊಳ್ಳಿ. ಅದಕ್ಕೆ ಎಷ್ಟು ಉಪ್ಪುನೀರು ಬಿಟ್ಟರೂ ಒಳಗೆ ಏನೂ ಮುದುಡುವುದಿಲ್ಲ. ನೇರಳೆ ಬಣ್ಣ ಕುದಿಸಿದ ನೀರಿಗೇ ಇಳಿದುಹೋಗಿರುತ್ತದೆ.