ಸಹಾಯ ಮಾಡಬೇಡಿ ಸಾರ್!

"ಆರಾಮಾಗಿರಿ" ಅಂತ ಯಾರಾದರೂ ಹೇಳಿದ ಕೂಡಲೇ ನನ್ನ ಮೈ ಸೆಟೆದುಕೊಳ್ಳುತ್ತದೆ. ಹಲ್ಲಿನ ಡಾಕ್ಟರು ಹೇಳಿದರೂ ಅಷ್ಟೇ, ಇಂಜೆಕ್ಷನ್ ಕೊಡುವ ನರ್ಸ್ ಹೇಳಿದರೂ ಅಷ್ಟೇ. ಆ ಮಾತಿನ ಹಿಂದೆ ಏನೋ ಕಾದಿದೆ ಅಂತ ಮೈಗೆ ಚೆನ್ನಾಗಿ ಗೊತ್ತು. ಅಂಥ ನಾನು ದುಡ್ಡು ಕೊಟ್ಟು, ಮಸಾಜ್ ಮಂಚದ ಮೇಲೆ ಬಿದ್ದುಕೊಂಡು ಅದನ್ನೇ ಹೇಳಿಸಿಕೊಂಡು ಬಂದಿದ್ದೇನೆ. ಬಲಭುಜ ಮುಟ್ಟಿದರೆ ಇನ್ನೂ ನೋಯುತ್ತಿದೆ. ಈ ಬರಹದಲ್ಲಿ ಅಲ್ಲಲ್ಲಿ ಸಿಟ್ಟು ಕಂಡರೆ ಅದು ಭುಜದ್ದು, ನನ್ನದಲ್ಲ.

ಕತ್ತು ಹಿಡಿದುಕೊಂಡದ್ದು ಎಲ್ಲರಿಗೂ ಹಿಡಿದುಕೊಳ್ಳುವ ಹಾಗೇ. ಬೆಳಗ್ಗೆಯಿಂದ ಸಂಜೆವರೆಗೆ ಕಂಪ್ಯೂಟರು, ಸಂಜೆಯಿಂದ ನಿದ್ದೆ ಬರುವವರೆಗೆ ಫೋನು. ತಲೆ ಅಂದರೆ ಸುಮಾರು 5 ಕೆ.ಜಿ. ಭಾರ. ಅದನ್ನು ಮುಂದಕ್ಕೆ ಚಾಚಿಕೊಂಡು ಕೂತರೆ, ಬೀಳದ ಹಾಗೆ ಹಿಡಿದಿರುವ ಕೆಲಸ ಕತ್ತಿನ ಹಿಂದಿನ ಸ್ನಾಯುಗಳದ್ದು. ಅವಕ್ಕೆ ಭಾನುವಾರವೂ ರಜೆ ಇಲ್ಲ. "ಒಂದ್ಸಲ ಮಸಾಜ್ ಮಾಡಿಸ್ಕೋ, ಹಗುರಾಗ್ತೀಯ" ಅಂತ ಹೇಳಿದವರೇ ಎಲ್ಲ. ಅಲ್ಲಿ ಏನೇನಾಗುತ್ತೆ ಅಂತ ಮಾತ್ರ ಒಬ್ಬರೂ ಬಾಯಿಬಿಡಲಿಲ್ಲ.

ಮೊದಲು ಫಾರಂ. ಕಾಲು ಗಂಟೆ ಮುಂಚೆ ಬನ್ನಿ ಅಂದಿದ್ದು ಇದಕ್ಕೇ. ಬಿ.ಪಿ. ಇದೆಯೇ, ಆಪರೇಷನ್ ಆಗಿದೆಯೇ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೊಳ್ತೀರಾ, ಯಾವುದಾದರೂ ಎಣ್ಣೆ ಅಲರ್ಜಿಯೇ? ಮೈ ತಿಕ್ಕುವುದಕ್ಕೆ ಇಷ್ಟೆಲ್ಲ ಜಾತಕ ಯಾಕೆ ಅಂತ ಗೊಣಗಿಕೊಂಡೆ. ಆದರೆ ಸುಮ್ನೆ ಕೇಳುವುದಲ್ಲ ಅದು. ಕಾಲಿನ ರಕ್ತನಾಳದಲ್ಲಿ ಹೆಪ್ಪು ಇದ್ದವರಿಗೆ ಅಲ್ಲೇ ಒತ್ತಿ ತಿಕ್ಕಿದರೆ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿಬಿಡಬಹುದು. ಜ್ವರ ಇದ್ದರೆ ಇನ್ನೊಂದು ದಿನ ಬನ್ನಿ ಅನ್ನುತ್ತಾರೆ. ಹಾಗಾಗಿ ಇದ್ದದ್ದು ಇದ್ದ ಹಾಗೆ ಬರೆಯಿರಿ.

ಫಾರಂ ಕೊನೆಯಲ್ಲಿ ಒಬ್ಬ ಮನುಷ್ಯನ ಚಿತ್ರ. ಮುಂದಿನಿಂದ ಒಂದು, ಹಿಂದಿನಿಂದ ಒಂದು. ಮುಖವಿಲ್ಲ, ಬಟ್ಟೆಯಿಲ್ಲ. ನೋವಿರುವ ಕಡೆ ಗುರುತು ಹಾಕಬೇಕಂತೆ. ಕತ್ತಿಗೆ ಹಾಕಿದೆ. ಭುಜವನ್ನು ಬಿಟ್ಟರೆ ಅದಕ್ಕೆ ಬೇಜಾರು, ಅದಕ್ಕೂ ಹಾಕಿದೆ. ಆಗ ಸೊಂಟ ನೆನಪಾಯಿತು. ಸೊಂಟ ಬಂದ ಮೇಲೆ ಮಂಡಿ ಬಿಡುತ್ತಾ? ಮುಗಿಯುವ ಹೊತ್ತಿಗೆ ಆ ಪಾಪದ ಮನುಷ್ಯ ಪೂರ್ತಿ ನೀಲಿಯಾಗಿದ್ದ. ಥೆರಪಿಸ್ಟ್ ನೋಡಿದರು. "ಎಲ್ಲಿ ನೋವಿಲ್ಲ ಅಂತ ಹೇಳಿಬಿಡಿ ಸಾರ್, ಬೇಗ ಆಗುತ್ತೆ" ಅಂದರು.

ಆಮೇಲೆ ಬಟ್ಟೆ. ಎಲ್ಲರಿಗೂ ಇರುವ ಅನುಮಾನ, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ. ನಿಮಗೆ ಮುಜುಗರ ಆಗದಷ್ಟು ತೆಗೆದು ಹೊದಿಕೆ ಕೆಳಗೆ ಬೋರಲು ಮಲಗಿ ಅಂತ ಹೇಳಿ ಅವರು ಹೊರಗೆ ಹೋಗುತ್ತಾರೆ. ಬಾಗಿಲು ತಟ್ಟಿಯೇ ಒಳಗೆ ಬರುತ್ತಾರೆ. ಯಾವ ಭಾಗಕ್ಕೆ ಮಾಡಬೇಕೋ ಅಲ್ಲಿಂದ ಮಾತ್ರ ಹೊದಿಕೆ ಸರಿಸುತ್ತಾರೆ. ಮರ್ಯಾದೆಗೇನೂ ತೊಂದರೆಯಿಲ್ಲ. ತೊಂದರೆ ಇರುವುದು ಅವರು ಹೊರಗಿರುವ ಆ ಸ್ವಲ್ಪ ಹೊತ್ತಿನಲ್ಲಿ. ಪ್ಯಾಂಟಿನಲ್ಲಿ ಒಂದು ಕಾಲು ಸಿಕ್ಕಿಕೊಂಡಿರುವಾಗಲೇ ಬಾಗಿಲು ತಟ್ಟಿದ ಸದ್ದು. "ಒಂದ್ನಿಮಿಷ, ಒಂದ್ನಿಮಿಷ!" ಅಂತ ಕುಂಟುತ್ತಾ ಕೂಗಿದೆ. ತಟ್ಟಿದ್ದು ಪಕ್ಕದ ಕೋಣೆಯ ಬಾಗಿಲು.

ಮಂಚದ ತಲೆಯ ಕಡೆ ಒಂದು ತೂತು. ಅದರಲ್ಲಿ ಮುಖ ಇಡಬೇಕು. ಕೆನ್ನೆ ಎರಡೂ ಒತ್ತಿಕೊಂಡು ತುಟಿ ಮುಂದಕ್ಕೆ ಬರುತ್ತದೆ, ಮೂಗು ಸೋರಲು ಶುರುವಾಗುತ್ತದೆ. ಕಾಣುವುದು ನೆಲ ಮತ್ತು ಥೆರಪಿಸ್ಟರ ಪಾದ, ಅಷ್ಟೇ. ಎದುರು ಕೂತಿದ್ದಾಗ ಎಣಿಸಿ ಎಣಿಸಿ ಮಾತಾಡಿದ ಆಸಾಮಿ, ನನ್ನ ಬಾಯಿ ತೂತು ಸೇರಿದ್ದೇ ತಡ, "ಒತ್ತಡ ಸಾಕಾ ಸಾರ್? ಜಾಸ್ತಿ ಆಯ್ತಾ?" ಅಂತ ಶುರು ಮಾಡಿದರು. "ಊಂ" ಅಂದೆ. ಅದು ಯಾವ ಪ್ರಶ್ನೆಯ ಉತ್ತರ ಅಂತ ನನಗೂ ಗೊತ್ತಿಲ್ಲ. ಅವರು ಇನ್ನೂ ಬೇಕು ಅಂತ ತಿಳಿದು ಮೊಣಕೈ ಇಟ್ಟರು.

ಮೊದಲು ಉದ್ದಕ್ಕೆ ನೀವುವುದು, ಆಮೇಲೆ ನಾದುವುದು, ಕೊನೆಗೆ ತಟ್ಟುವುದು. ಇದಕ್ಕೆ ಸ್ವೀಡಿಷ್ ಮಸಾಜ್ ಅಂತ ಹೆಸರು. ಈ ವರಸೆಗಳನ್ನು ವಿಂಗಡಿಸಿದ ಕೀರ್ತಿ ಮಾತ್ರ 19ನೇ ಶತಮಾನದ ಡಚ್ ವೈದ್ಯ ಯೋಹಾನ್ ಜಾರ್ಜ್ ಮೆಟ್ಸ್‌ಗರ್ ಅವರದು. ಒಂದೊಂದಕ್ಕೂ ಇರುವ ಹೆಸರು ಫ್ರೆಂಚು. ಇಷ್ಟು ದೇಶ ಸೇರಿ ನನ್ನೊಬ್ಬನ ಮೇಲೆ ಬಿದ್ದರೆ ಹೇಗೆ? ಭುಜದ ಮೇಲೊಂದು ಕಡೆ ಒತ್ತಿದರೆ ನೋವು ಕಣತಲೆಗೆ ಹೊಡೆಯಿತು. "ಗಂಟು ಸಿಕ್ತು ಸಾರ್!" ಅಂದರು, ಕಳೆದುಹೋದ ಅವರದೇ ವಸ್ತು ಅನ್ನುವಷ್ಟು ಖುಷಿಯಲ್ಲಿ.

ಅಂಗಾತ ಮಲಗಿಸಿದ ಮೇಲೆ ಶುರುವಾಯಿತು ನೋಡಿ ಕೈಯ ಕತೆ. ನನ್ನ ಬಲಗೈಯನ್ನು ಎತ್ತಿ ಹಿಡಿದು, "ಭಾರ ಪೂರ್ತಿ ನನಗೆ ಬಿಡಿ" ಅಂದರು. ಬಿಟ್ಟೆ. ಅವರೂ ಬಿಟ್ಟರು. ಕೈ ಬೀಳಲಿಲ್ಲ. ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗನ ಕೈ ಹಾಗೆ ಮೇಲೇ ನಿಂತಿತು. ಇಬ್ಬರೂ ಅದನ್ನೇ ನೋಡಿದೆವು.

"ನೀವೇ ಹಿಡ್ಕೊಂಡಿದೀರಿ ಸಾರ್."

"ಇಲ್ಲಪ್ಪ, ನೀವು ಹಿಡ್ಕೊಂಡಿದೀರಿ ಅಂತ..."

"ನಾನು ಬಿಟ್ಟು ಆಗಲೇ ಎಷ್ಟೋ ಹೊತ್ತಾಯ್ತು."

ಮತ್ತೆ ಎತ್ತಿದರು, ಮತ್ತೆ ಬಿಟ್ಟರು. ಈ ಸಲ ದಬಕ್ಕನೆ ಬೀಳಿಸಿದೆ. "ಇದು ನೀವು ಇಳಿಸಿದ್ದು ಸಾರ್. ಅದಾಗಿ ಬೀಳಬೇಕು." ಸರಿ. ಇನ್ನೊಂದು ಸಲ ಅವರು ಕೈ ಚಾಚುವ ಮೊದಲೇ, ಪಾಪ ಕಷ್ಟಪಡ್ತಿದಾರೆ ಅಂತ, ನಾನೇ ಸ್ವಲ್ಪ ಎತ್ತಿಕೊಟ್ಟೆ. "ಸಹಾಯ ಮಾಡಬೇಡಿ ಸಾರ್!" ದನಿ ಜೋರಾಗೇ ಇತ್ತು. ಮನೆಯಲ್ಲಿ ಸಹಾಯ ಮಾಡಲ್ಲ ಅಂತ ಬೈಸಿಕೊಳ್ಳುತ್ತೇನೆ, ಇಲ್ಲಿ ಮಾಡಿದ್ದಕ್ಕೆ. ಒಂದು ಕೈಯನ್ನು ಬೀಳಿಸಲು ಬಾರದಷ್ಟು ಬಿಗಿಯಾಗಿ ಬದುಕುತ್ತಿದ್ದೇವಲ್ಲ ಅಂತ ಯೋಚನೆ ಮಾಡತೊಡಗಿದೆ. ಯೋಚನೆ ಮಾಡಿದ್ದಕ್ಕೆ ಕೈ ಇನ್ನೂ ಬಿಗಿಯಾಯಿತು. ಕೊನೆಗೆ ಅವರು ಆ ಕೈಯ ಆಸೆಯನ್ನೇ ಬಿಟ್ಟು ತಲೆಯ ಹಿಂದೆ ಹೋಗಿ ಕೂತರು.

ಅಲ್ಲಿ ಎರಡೂ ಅಂಗೈಯಲ್ಲಿ ನನ್ನ ತಲೆಯನ್ನು ಎತ್ತಿ ಹಿಡಿದರು. ಒತ್ತಲಿಲ್ಲ, ಏನೂ ಕೇಳಲೂ ಇಲ್ಲ. ಕತ್ತು ಸ್ವಲ್ಪ ಹೊತ್ತು ಹಟ ಮಾಡಿ ಆಮೇಲೆ ಸೋತಿತು. ದೊಡ್ಡವರಾದ ಮೇಲೆ ನಮ್ಮ ತಲೆಯ ಭಾರವನ್ನು ಇನ್ನೊಬ್ಬರು ಹೊರುವುದು ಎಲ್ಲಿ ಬರುತ್ತೆ? ಚಿಕ್ಕಂದಿನಲ್ಲಿ ಜ್ವರ ಬಂದಾಗ ಮಾತ್ರೆ ನುಂಗಿಸಲು ಅಮ್ಮ ಹೀಗೇ ಎತ್ತಿ ಹಿಡಿಯುತ್ತಿದ್ದಳು. ಕಣ್ಣು ಒದ್ದೆಯಾಯಿತು. ಎಣ್ಣೆ ಹೋಗಿರಬೇಕು. ಅಷ್ಟರಲ್ಲಿ "ಆಯ್ತು ಸಾರ್" ಅಂದರು. ಒಂದು ಗಂಟೆ ಅಂತ ಬುಕ್ ಮಾಡಿದ್ದೆ. ಬಟ್ಟೆ, ಮಾತು ಎಲ್ಲ ಅದರೊಳಗೇ ಲೆಕ್ಕವಂತೆ.

ದಡಕ್ಕನೆ ಏಳಬೇಡಿ. ಅಷ್ಟು ಹೊತ್ತು ಮಲಗಿ ಬಿ.ಪಿ. ಸ್ವಲ್ಪ ಇಳಿದಿರುತ್ತದೆ, ತಲೆ ತಿರುಗುತ್ತದೆ. ನೀರು ಜಾಸ್ತಿ ಕುಡಿಯಿರಿ, ಮೈಯ ವಿಷವೆಲ್ಲ ಹೋಗುತ್ತೆ ಅಂತ ಉಪದೇಶ ಮಾಡಿದರು. ಬಾಯಾರಿತ್ತು, ಕುಡಿದೆ. ವಿಷದ ಕೆಲಸವನ್ನು ಲಿವರ್, ಕಿಡ್ನಿ ಬಿಟ್ಟಿಯಾಗಿ ಮಾಡುತ್ತಿವೆ, ಅವಕ್ಕೆ ಬಿಟ್ಟಿದ್ದೇನೆ. "ಒಂದೆರಡು ದಿನ ಮೈಕೈ ನೋವಿರುತ್ತೆ, ಆಮೇಲೆ ಹೋಗುತ್ತೆ" ಅನ್ನುವ ಮುಖ್ಯವಾದ ಮಾತು ಬಂದದ್ದು ದುಡ್ಡು ಕೊಟ್ಟಾದ ಮೇಲೆ.

ಅಂಗಿಯ ಕಾಲರಿಗೆ ಎಣ್ಣೆ, ಹಣೆಯ ಮೇಲೆ ತೂತಿನ ಅಂಚಿನ ಗುರುತು. ಹೆಂಡತಿ ನೋಡಿ, "ಯಾರ ಜೊತೆ ಜಗಳ ಆಡ್ಕೊಂಡು ಬಂದ್ರಿ?" ಅಂದಳು. ಒಂದು ನಿಜ ಹೇಳಬೇಕು, ಕತ್ತು ಈಗ ಎರಡೂ ಕಡೆ ಸಲೀಸಾಗಿ ತಿರುಗುತ್ತಿದೆ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ. ಕತ್ತು ನೋವು ಅಂತ ಮುಂದಕ್ಕೆ ಹಾಕಿದ್ದ ಅಟ್ಟ ಕ್ಲೀನ್ ಮಾಡುವ ಕೆಲಸ ಬಾಕಿ ಇದೆ.